ಅಮ್ಮನ ಲ್ಯಾಂಡ್‌ಲೈನ್ ಫೈಬರ್‌ಗೆ ಬದಲಾಯಿಸಿದ್ದು: ನನ್ನ ಅನುಭವ

ಪರ್ಕಳದ ನಮ್ಮ ಮನೆಗೆ ಫೋನ್ ಬಂದದ್ದು 1993ರಲ್ಲಿ. ಅಪ್ಪ ಅರ್ಜಿ ಹಾಕಿ ನಾಲ್ಕು ವರ್ಷ ಕಾದಿದ್ದರು. ಆಮೇಲೆ ನಂಬರಿನ ಮುಂದೆ ಅಂಕಿ ಸೇರಿ ಏಳಂಕಿ ಆಯಿತು, ಅದು ಬಿಟ್ಟರೆ ಇವತ್ತಿಗೂ ಅದೇ ನಂಬರ್. ಮುಂಬೈಯ ಚಿಕ್ಕಮ್ಮ, ಮಸ್ಕತ್‌ನಲ್ಲಿರುವ ಅಕ್ಕ, ದೇವಸ್ಥಾನದ ಭಟ್ಟರು, ಗ್ಯಾಸ್‌ನವರು, ಎಲ್ಲರ ಪುಸ್ತಕದಲ್ಲೂ 0820 ಹಾಕಿ ಆ ನಂಬರೇ ಇರುವುದು.

ಅಮ್ಮನಿಗೆ ಈಗ 76 ವರ್ಷ. ಒಬ್ಬರೇ ಇರುತ್ತಾರೆ. ನಾನು ಮಂಗಳೂರಿನಲ್ಲಿ, ವಾರಕ್ಕೊಮ್ಮೆ ಹೋಗಿ ಬರುತ್ತೇನೆ. ಅವರ ಹತ್ತಿರ ಮೊಬೈಲ್ ಉಂಟು, ಆದರೆ ನಮ್ಮದು ಕೆಂಪು ಕಲ್ಲಿನ ಹಳೇ ಮನೆ, ಗೋಡೆ ದಪ್ಪ, ಒಳಗೆ ಸಿಗ್ನಲ್ ನಿಲ್ಲುವುದಿಲ್ಲ. ಮಾತಾಡಬೇಕಾದರೆ ಅಂಗಳಕ್ಕೆ ಇಳಿಯಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಅಂಗಳ ಅಂದರೆ ಪಾಚಿ, ಗೊತ್ತಲ್ವಾ? ಫೋನ್ ಬಂತು ಅಂತ ಓಡಿ ಹೋಗಿ ಜಾರಿ ಬಿದ್ದರೆ ಅಂತ ನನಗೆ ದಿನಾ ಹೆದರಿಕೆ. ಹಾಗಾಗಿ ಮನೆಯೊಳಗೆ, ಅವರ ಕುರ್ಚಿಯ ಪಕ್ಕದಲ್ಲಿ, ರಿಸೀವರ್ ಎತ್ತಿದರೆ ಮಾತಾಡುವ ಫೋನ್ ಬೇಕೇ ಬೇಕು.

ತೊಂದರೆ ಇದ್ದದ್ದು ತಾಮ್ರದ ತಂತಿಯಲ್ಲಿ. ಜೂನ್ ಬಂತು ಅಂದರೆ ಲೈನಿನಲ್ಲಿ ಕರಕರ ಸದ್ದು, ಜುಲೈಗೆ ಪೂರ್ತಿ ಡೆಡ್. ಕೊನೆಯ ಸಲ ಲೈನ್‌ಮ್ಯಾನ್ ಬಂದಾಗ ಕಂಬದ ಹತ್ತಿರದ ಜಾಯಿಂಟ್ ಬಿಚ್ಚಿ ತೋರಿಸಿದರು. ಟೇಪು ಸುಲಿದ ಕೂಡಲೇ ಒಳಗಿನಿಂದ ನೀರು ಇಳಿಯಿತು. ಎರಡು ಎಳೆ ತಂತಿ, ಎರಡರ ಮೇಲೂ ಹಸಿರು ಪುಡಿ, ಉಗುರಿನಿಂದ ಕೆರೆದರೆ ತಂತಿಯೇ ತುಂಡಾಗುವಷ್ಟು ಸವೆದಿತ್ತು. "ಇವತ್ತು ಸರಿ ಮಾಡಿ ಕೊಡ್ತೇನೆ, ಬರುವ ಮಳೆಗೆ ಪುನಃ ಹೀಗೇ ಆಗ್ತದೆ. ಇನ್ನು ಹೊಸ ತಾಮ್ರ ಯಾರೂ ಎಳೆಯುದಿಲ್ಲ. ಫೈಬರ್‌ಗೆ ಹೋಗಿ ಮಾರಾಯ್ರೆ" ಅಂದರು. ಸುಳ್ಳು ಹೇಳದೆ, ಸುಮ್ನೆ ತೇಪೆ ಹಾಕಿ ಹೋಗದೆ ಹಾಗೆ ಹೇಳಿದ್ದಕ್ಕೆ ಅವರನ್ನು ಈಗಲೂ ನೆನೆಯುತ್ತೇನೆ.

ಮೊದಲು ನೋಡಿದ್ದು ನಂಬರಿನ ವಿಷಯ. ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯಬಹುದು, ಆದರೆ ನಮ್ಮ ದೇಶದಲ್ಲಿ ಲ್ಯಾಂಡ್‌ಲೈನ್ ನಂಬರಿಗೆ ಆ ಸೌಲಭ್ಯ ಇಲ್ಲ. ಬೇರೆ ಕಂಪನಿಯ ಫೈಬರ್ ಹಾಕಿಸಿದರೆ ಅವರೂ ಫೋನ್ ಕೊಡುತ್ತಾರೆ, ಪ್ಲಾನ್ ಚೆನ್ನಾಗಿಯೂ ಇರಬಹುದು, ಆದರೆ ಹೊಸ ನಂಬರ್. ಅಪ್ಪ ಕಾದು ತಂದ ನಂಬರನ್ನು ಬಿಡಲು ಅಮ್ಮ ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ಹಾಗಾಗಿ ಇದ್ದ ಕಂಪನಿಯಲ್ಲೇ, ತಾಮ್ರದಿಂದ ಫೈಬರ್‌ಗೆ ಬದಲಾವಣೆ, ನಂಬರ್ ಅದೇ ಇರಲಿ ಅಂತ ಅರ್ಜಿ ಕೊಟ್ಟೆ. ನೀವು ಮಾಡುವುದಾದರೆ ಅರ್ಜಿಯಲ್ಲಿ ಈ ಮಾತನ್ನು ಬರೆದೇ ಕೊಡಿ. ಹಳೇ ಲೈನ್ ಬೇಡ ಅಂತ ಮೊದಲೇ ಸರೆಂಡರ್ ಮಾಡಿಬಿಟ್ಟರೆ ನಂಬರ್ ಹೋಗಿಬಿಡಬಹುದು.

ಫೈಬರ್ ಎಳೆದದ್ದು ಊರಿನ ಕೇಬಲ್‌ನ ಹುಡುಗರು. ಅರ್ಧ ದಿನದ ಕೆಲಸ. ಕೂದಲಿನಷ್ಟು ತೆಳು ಗಾಜಿನ ಎಳೆಯನ್ನು ಪುಟ್ಟ ಮಿಷಿನ್‌ನಲ್ಲಿಟ್ಟು ಬೆಸೆಯುವುದನ್ನು ಅಮ್ಮ ಕನ್ನಡಕ ಹಾಕಿಕೊಂಡು ಬಾಗಿ ನೋಡಿದರು. ಒಂದು ವಿಷಯ ಆಗ ಕಲಿತೆ: ಕಿಟಕಿಯ ಮೂಲೆಯಲ್ಲಿ ವೈರನ್ನು ಚಂದ ಕಾಣಲಿ ಅಂತ ನಾನೇ ಬಿಗಿಯಾಗಿ ಮಡಚಿ ಮೊಳೆ ಹೊಡೆದೆ, ಕೂಡಲೇ ಮೋಡೆಮ್‌ನಲ್ಲಿ ಕೆಂಪು ಲೈಟ್. ಗಾಜಲ್ಲವಾ, ಚೂಪಾಗಿ ಮಡಚಿದರೆ ಬೆಳಕು ಮುಂದೆ ಹೋಗದೆ ಹೊರಗೆ ಸೋರುತ್ತದೆ. ಮೊಳೆ ಕಿತ್ತು, ದೊಡ್ಡ ಸುತ್ತಿನಲ್ಲಿ ತಿರುಗಿಸಿದ ಮೇಲೆ ಲೈಟ್ ಹಸಿರಾಯಿತು.

ಅವತ್ತೇ ಇಂಟರ್ನೆಟ್ ಬಂತು. ಫೋನ್ ಬರಲಿಲ್ಲ. ಮೋಡೆಮ್‌ನ ಹಿಂದೆ ಫೋನಿನ ಪಿನ್ ಹಾಕುವ ಒಂದು ತೂತು ಇರುತ್ತದೆ, ಮುಂದೆ ಅದಕ್ಕೊಂದು ಲೈಟ್. ಆ ಲೈಟ್ ಹತ್ತಿದರೆ ಮಾತ್ರ ಡಯಲ್ ಟೋನ್. ನಮ್ಮ ನಂಬರನ್ನು ಆ ಮೋಡೆಮ್‌ಗೆ ಜೋಡಿಸುವ ಕೆಲಸ ಕಂಪನಿಯ ಆಫೀಸಿನಲ್ಲೇ ಆಗಬೇಕು, ಕೇಬಲ್ ಹುಡುಗರ ಕೈಯಲ್ಲಿಲ್ಲ. ಮೂರು ದಿನ ಹಿಂದೆ ಬಿದ್ದು ಮಾಡಿಸಿದೆ. ಆ ಮೂರು ದಿನ ಹಳೇ ಲೈನೂ ಇಲ್ಲ, ಹೊಸತೂ ಇಲ್ಲ. ಈಗಾದರೆ ಲೈಟ್ ಹತ್ತಿ, ಡಯಲ್ ಟೋನ್ ಕೇಳಿ, ಒಂದು ಕಾಲ್ ಹೋಗಿ ಒಂದು ಕಾಲ್ ಬರುವ ತನಕ ಅವರ ಕಾಗದಕ್ಕೆ ಸಹಿ ಹಾಕುತ್ತಿರಲಿಲ್ಲ.

ಮತ್ತೆ ನೋಡಿದರೆ ಕಾಲ್ ಬರುತ್ತದೆ, ಹೋಗುವುದಿಲ್ಲ! ಅಮ್ಮ ನಂಬರ್ ಒತ್ತುತ್ತಾರೆ, ಟಕಟಕ ಅಂತ ಸದ್ದು ಬರುತ್ತದೆ, ಡಯಲ್ ಟೋನ್ ಮಾತ್ರ ಹಾಗೇ ಇದೆ. ಒಂದು ಗಂಟೆ ಒದ್ದಾಡಿದ ಮೇಲೆ ಫೋನನ್ನು ತಿರುಗಿಸಿ ನೋಡಿದೆ. ಅಡಿಯಲ್ಲಿ ಧೂಳು ಕೂತಿದ್ದ ಒಂದು ಪುಟ್ಟ ಸ್ವಿಚ್, ಒಂದು ಬದಿಗೆ ಪಿ, ಇನ್ನೊಂದು ಬದಿಗೆ ಟಿ. ಪಲ್ಸ್ ಮತ್ತು ಟೋನ್. ಒತ್ತಿದ ಅಂಕಿಯನ್ನು ಟಕಟಕ ಅಂತ ಲೈನ್ ಕಡಿದು ಕಡಿದು ತಿಳಿಸುವುದು ಪಲ್ಸ್, ಸ್ವರದಲ್ಲಿ ತಿಳಿಸುವುದು ಟೋನ್. ಹಳೇ ಎಕ್ಸ್‌ಚೇಂಜ್ ಕಾಲದಿಂದ ಅದು ಪಲ್ಸ್‌ನಲ್ಲೇ ಕೂತಿತ್ತು. ಈಗಿನ ಮೋಡೆಮ್‌ಗಳಲ್ಲಿ ಜಾಸ್ತಿಯವಕ್ಕೆ ಪಲ್ಸ್ ಅರ್ಥ ಆಗುವುದಿಲ್ಲ. ಉಗುರಿನಿಂದ ಟಿ ಕಡೆಗೆ ಸರಿಸಿದೆ, ಸರಿಯಾಯಿತು. ಅಪ್ಪನ ಕಾಲದ ಕಪ್ಪು ಫೋನ್, ಬೆರಳು ಹಾಕಿ ತಿರುಗಿಸುವುದು, ಅದೂ ಇದೇ ಕಾರಣಕ್ಕೆ ಡಯಲ್ ಮಾಡುವುದಿಲ್ಲ. ಆದರೆ ಬಂದ ಕಾಲಿಗೆ ಗಂಟೆ ಹೊಡೆಯುತ್ತದೆ, ಎತ್ತಿ ಮಾತಾಡಬಹುದು. ಅದನ್ನು ಒಳಗಿನ ಕೋಣೆಯಲ್ಲಿ ಇಟ್ಟಿದ್ದೇವೆ.

ಎರಡು ಕೋಣೆಗೆ ಫೋನ್ ಬೇಕಿದ್ದರಿಂದ ಮನೆಯ ಹಳೇ ವೈರಿಂಗನ್ನೇ ಬಳಸಿದೆ. ಮೋಡೆಮ್‌ನ ಫೋನ್ ತೂತಿನಿಂದ ಒಂದು ವೈರ್ ತಂದು ಗೋಡೆಯ ರೋಸೆಟ್ ಬಾಕ್ಸಿಗೆ, ಅಂದರೆ ಫೋನಿನ ವೈರುಗಳು ಸೇರುವ ಪುಟ್ಟ ಡಬ್ಬಿಗೆ, ಕೊಟ್ಟರೆ ಸಾಕು, ಉಳಿದ ಪಾಯಿಂಟ್‌ಗಳಲ್ಲಿ ತಾನಾಗಿ ಬರುತ್ತದೆ. ಆದರೆ ದಯವಿಟ್ಟು ಇದನ್ನು ಮರೆಯಬೇಡಿ: ಅದಕ್ಕಿಂತ ಮೊದಲು ಹೊರಗಿನಿಂದ ಬರುವ ತಾಮ್ರದ ಡ್ರಾಪ್ ವೈರನ್ನು ರೋಸೆಟ್‌ನಲ್ಲಿ ಬಿಚ್ಚಿ ಬೇರೆ ಮಾಡಬೇಕು. ಎಕ್ಸ್‌ಚೇಂಜಿನ ತಂತಿಯಲ್ಲಿ 48 ವೋಲ್ಟ್ ಇರುತ್ತದೆ, ರಿಂಗ್ ಬರುವಾಗ ಇನ್ನೂ ಜಾಸ್ತಿ. ಲೈನ್ ಡೆಡ್ ಅಂತ ನಾವು ಅಂದುಕೊಂಡಿದ್ದರೂ ಯಾವಾಗಲೋ ಜೀವ ಬಂದರೆ ಮೋಡೆಮ್‌ನ ಫೋನ್ ಭಾಗ ಸುಟ್ಟುಹೋಗಬಹುದು. ಮೂರನೆಯ ಫೋನ್ ಕೂಡ ಜೋಡಿಸಿ ನೋಡಿದೆ, ಗಂಟೆಯ ಸದ್ದು ಕುಗ್ಗಿತು. ಮೋಡೆಮ್‌ಗೆ ಅಷ್ಟು ಗಂಟೆಗಳನ್ನು ಹೊಡೆಸುವ ಶಕ್ತಿ ಇಲ್ಲ. ಎರಡಕ್ಕೇ ನಿಲ್ಲಿಸಿದೆ.

ಇಷ್ಟೆಲ್ಲ ಆದ ಮೇಲೆಯೇ ಮುಖ್ಯ ವಿಷಯ ನನ್ನ ತಲೆಗೆ ಹೋದದ್ದು. ಅದು ಕರೆಂಟು.

ಹಳೇ ಫೋನಿಗೆ ನಾವು ಎಂದೂ ಕರೆಂಟ್ ಕೊಟ್ಟಿರಲಿಲ್ಲ, ಅಲ್ವಾ? ಗೋಡೆಗೆ ಸಿಕ್ಕಿಸಿದ್ದು ಫೋನಿನ ವೈರ್ ಮಾತ್ರ. ಆದರೂ ಊರಿಡೀ ಕತ್ತಲಾದಾಗ ಅದು ನಡೆಯುತ್ತಿತ್ತು, ಯಾಕೆಂದರೆ ಆ 48 ವೋಲ್ಟ್ ಎಕ್ಸ್‌ಚೇಂಜಿನ ದೊಡ್ಡ ಬ್ಯಾಟರಿಗಳಿಂದ ಅದೇ ಎರಡು ಎಳೆ ತಂತಿಯಲ್ಲಿ ಮನೆಗೆ ಬರುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ಕರೆಂಟ್ ಬರುವುದಿಲ್ಲ. ಅಮ್ಮನ ಮಾತನ್ನು ಸೆಕೆಂಡಿಗೆ 8,000 ಸಲ ಅಳೆದು, ಅಂಕಿಗಳಾಗಿ ಮಾಡಿ, ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ ಕಳಿಸುವ ಕೆಲಸ ಈಗ ನಮ್ಮ ಮನೆಯ ಮೋಡೆಮ್‌ನದ್ದು, ಅದಕ್ಕೆ ಕರೆಂಟ್ ನಾವೇ ಕೊಡಬೇಕು. ಸ್ಪೀಡ್ ಬಗ್ಗೆ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಒಂದು ಕಾಲಿಗೆ ಬೇಕಾದದ್ದು 100 ಕೆಬಿಪಿಎಸ್ ಒಳಗೆ, ಎಲ್ಲಕ್ಕಿಂತ ಅಗ್ಗದ ಪ್ಲಾನ್ ಕೂಡ ಸಾಕು. ತಲೆ ಕೆಡಿಸಿಕೊಳ್ಳಬೇಕಾದದ್ದು ಪ್ಲಗ್ಗಿನ ಬಗ್ಗೆ.

ನಾನು ಮೊದಲು ಒಂದು ಮಿನಿ ಯುಪಿಎಸ್ ತಂದೆ, ಅಂಗೈ ಅಗಲದ್ದು, ಮೋಡೆಮ್‌ಗೆ ಕರೆಂಟ್ ಹೋದಾಗ ತನ್ನ ಬ್ಯಾಟರಿಯಿಂದ 12 ವೋಲ್ಟ್ ಕೊಡುವಂಥದ್ದು. ತರುವ ಮೊದಲು ಮೋಡೆಮ್‌ನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪ್ ಅಂತ ಓದಿಕೊಂಡು ಹೋಗಿ, ಪಿನ್ನಿನ ಗಾತ್ರವನ್ನೂ ನೋಡಿ. ಡಬ್ಬದ ಮೇಲೆ 8,000 ಎಂಎಎಚ್ ಅಂತ ಇತ್ತು. ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. ಅಂದರೆ 8 ಆಂಪ್-ಅವರ್, ಅದನ್ನು 3.7ರಿಂದ ಗುಣಿಸಿದರೆ ಸುಮಾರು 30 ವ್ಯಾಟ್-ಅವರ್. ನಮ್ಮ ಮೋಡೆಮ್ ಎಳೆಯುವುದು ಸುಮಾರು 10 ವ್ಯಾಟ್, ಅಂದರೆ ಮೂರು ಗಂಟೆ ಬರಬೇಕು. ಪ್ಲಗ್ ತೆಗೆದು ಗಡಿಯಾರ ನೋಡಿದೆ, ಬಂದದ್ದು ಎರಡೂವರೆ. ಬೇಸಿಗೆಗೆ ಸಾಕು. ಆದರೆ ಮಳೆಗಾಲದಲ್ಲಿ ಎಲ್ಲೋ ಮರ ಬಿದ್ದರೆ ಇಡೀ ರಾತ್ರಿ ಕರೆಂಟ್ ಇರುವುದಿಲ್ಲ. ಹಾಗಾಗಿ ಮಿನಿ ಯುಪಿಎಸ್ಸಿನ ಪ್ಲಗ್ಗನ್ನು ಇನ್ವರ್ಟರ್ ಲೈನಿನ ಪಾಯಿಂಟಿಗೆ ಹಾಕಿದೆ. ಇನ್ವರ್ಟರ್ ಇದ್ದರೆ ಇದು ಯಾಕೆ ಅಂತ ಕೇಳಬಹುದು. ಕರೆಂಟ್ ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲೇ ನಮ್ಮ ಮೋಡೆಮ್ ಆಫ್ ಆಗಿ ಮೊದಲಿನಿಂದ ಶುರುವಾಗುತ್ತಿತ್ತು, ಫೋನ್ ವಾಪಸ್ ಬರಲು ಮೂರು ನಿಮಿಷ, ಮಾತಿನ ನಡುವೆ ಕಟ್. ನಡುವೆ ಮಿನಿ ಯುಪಿಎಸ್ ಇದ್ದರೆ ಅದು ಗೊತ್ತೇ ಆಗುವುದಿಲ್ಲ.

ಇನ್ನೊಂದು ತುದಿಯೂ ಉಂಟು. ನಮ್ಮ ಮನೆಯಲ್ಲಿ ಕರೆಂಟ್ ಇದ್ದೂ ಒಂದು ಸಂಜೆ ಫೋನ್ ಸತ್ತಿತು. ಫೈಬರ್ ದಾರಿಯ ನಡುವಿನ ಪೆಟ್ಟಿಗೆಗಳಿಗೆ ಕರೆಂಟ್ ಬೇಡ, ಆದರೆ ಫೈಬರ್ ಹೋಗಿ ಸೇರುವ ಓಎಲ್‌ಟಿ ಅನ್ನುವ ಯಂತ್ರಕ್ಕೆ ಬೇಕು. ಅದು ಆಪರೇಟರ್‌ನ ಅಂಗಡಿಯ ಮಹಡಿಯಲ್ಲಿತ್ತು, ಬ್ಯಾಟರಿ ಹಳತಾಗಿತ್ತು. ಈಗ ಬದಲಾಯಿಸಿದ್ದಾರೆ. ನೀವು ಹಾಕಿಸುವ ಮೊದಲೇ ಕೇಳಿ: "ನಿಮ್ಮ ಓಎಲ್‌ಟಿ ಎಲ್ಲಿ ಉಂಟು, ಕರೆಂಟ್ ಹೋದರೆ ಎಷ್ಟು ಗಂಟೆ ನಿಲ್ತದೆ?"

ಸಿಡಿಲಿನ ವಿಷಯದಲ್ಲಿ ಮಾತ್ರ ನನಗೆ ಪೂರ್ತಿ ನೆಮ್ಮದಿ. ಏಪ್ರಿಲ್-ಮೇ ತಿಂಗಳಲ್ಲಿ ಸಂಜೆ ಗುಡುಗು ಶುರುವಾದರೆ ಅಮ್ಮ ಮೊದಲು ಓಡುತ್ತಿದ್ದದ್ದು ಫೋನಿನ ವೈರ್ ಕೀಳಲು, ಯಾಕೆಂದರೆ ತಾಮ್ರದ ತಂತಿ ಸಿಡಿಲನ್ನು ನೇರ ಹಜಾರಕ್ಕೇ ತರುತ್ತಿತ್ತು. ಎರಡು ಮೋಡೆಮ್, ಒಂದು ಫೋನ್ ಹಾಗೆ ಸುಟ್ಟಿವೆ. ಗಾಜು ಸಿಡಿಲನ್ನು ತರುವುದಿಲ್ಲ. ಕೆಲವು ಫೈಬರ್ ವೈರುಗಳ ಜೊತೆ ಒಂದು ಉಕ್ಕಿನ ತಂತಿ ಇರುತ್ತದೆ, ಕಂಬದಿಂದ ಎಳೆದು ಕಟ್ಟಲು. ಅದನ್ನು ಮಾಡಿನ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ, ಮನೆಯೊಳಗೆ ಬರಬಾರದು. ಗುಡುಗು ಬಂದಾಗ ಈಗ ಅಮ್ಮ ಮಿನಿ ಯುಪಿಎಸ್ಸಿನ ಪ್ಲಗ್ ಒಂದನ್ನು ಗೋಡೆಯಿಂದ ತೆಗೆಯುತ್ತಾರೆ. ಆಗ ಹೊರಗಿನ ಯಾವ ತಂತಿಗೂ ಸಂಬಂಧ ಇಲ್ಲ, ಫೋನ್ ಮಾತ್ರ ನಡೆಯುತ್ತಲೇ ಇರುತ್ತದೆ. ಮೊದಲ ಸಲ ಗುಡುಗಿನ ನಡುವೆ ನನಗೆ ಫೋನ್ ಮಾಡಿ "ಮಗಾ, ಪ್ಲಗ್ ತೆಗ್ದಿದ್ದೇನೆ, ಆದ್ರೂ ಕೇಳ್ತದಲ್ಲಾ!" ಅಂದರು.

ಒಂದು ಸಲ ನಿಜವಾಗಿ ಹೆದರಿದ್ದೆ. ಹಾಕಿಸಿದ ಮೊದಲ ವಾರ, ಬೆಳಿಗ್ಗೆ ಏಳು ಗಂಟೆಗೆ ಫೋನ್ ಮಾಡಿದರೆ ಹೋಗುವುದಿಲ್ಲ. ಮೊಬೈಲೂ ಎತ್ತುವುದಿಲ್ಲ. ಪಕ್ಕದ ಮನೆಯ ಶಾಂತಕ್ಕನಿಗೆ ಹೇಳಿ ಕಳಿಸಿದೆ. ಅಮ್ಮ ಹಟ್ಟಿಯ ಹತ್ತಿರ ಆರಾಮ ಇದ್ದರು. ಆದದ್ದು ಇಷ್ಟೇ: ರಾತ್ರಿ ಮಲಗುವ ಮೊದಲು ಮನೆಯ ಎಲ್ಲ ಸ್ವಿಚ್ ಆಫ್ ಮಾಡುವುದು ಅವರ ಐವತ್ತು ವರ್ಷದ ಅಭ್ಯಾಸ, ಮೋಡೆಮ್‌ನದ್ದನ್ನೂ ಮಾಡಿದ್ದರು. ಮಿನಿ ಯುಪಿಎಸ್ ನಡುರಾತ್ರಿಯ ತನಕ ಎಳೆದು ನಿಂತಿತ್ತು. ನಾನು ಬೈಯಲಿಲ್ಲ, ಹೇಳದೆ ಅವರಿಗೆ ಗೊತ್ತಾಗುವುದಾದರೂ ಹೇಗೆ? ಕಾರಣ ಹೇಳಿದ ಮೇಲೆ ಅವರೇ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ "ಫೋನಿನ ಸ್ವಿಚ್, ಮುಟ್ಟಬಾರದು" ಅಂತ ಬರೆದು ಬೋರ್ಡಿನ ಮೇಲೆ ಅಂಟಿಸಿದರು.

ಫೈಬರ್ ಬಂದದ್ದರಿಂದ ಮೊಬೈಲೂ ಮನೆಯೊಳಗೆ ಕೇಳುತ್ತದೆ, ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ಕಾಲಿಂಗ್ ಆನ್ ಮಾಡಿದ್ದೇನೆ. ಆದರೂ ಅದು ಚಾರ್ಜ್ ಆಗಿಯೇ ಇರಲಿ ಅಂತ ಅಮ್ಮನಿಗೆ ಹೇಳಿದ್ದೇನೆ. ಫೈಬರೇ ತುಂಡಾದರೆ ತುರ್ತು ನಂಬರ್ 112ಕ್ಕೆ ಅಂಗಳದಿಂದ ಕರೆ ಮಾಡಲು ಅದೊಂದೇ ದಾರಿ.

ಈಗ ಎರಡು ವರ್ಷ ಆಯಿತು. ಹೋದ ಭಾನುವಾರ ಪ್ಲಗ್ ತೆಗೆದು ಪುನಃ ಗಡಿಯಾರ ನೋಡಿದೆ. ಮಿನಿ ಯುಪಿಎಸ್ ಒಂದೂಕಾಲು ಗಂಟೆಗೆ ನಿಂತಿತು. ಸೆಲ್ ಸೋತಿದೆ, ಮೇ ಮುಗಿಯುವ ಮೊದಲು ಹೊಸತು ತಂದು ಹಾಕಬೇಕು.