ನಡುಗಡ್ಡೆಗೆ ಬಂದ ಕರೆಂಟ್ ಗಾಡಿ

ನಮ್ಮ ತೋಟದ ಮನೆ ಇರೋದು ಜಮಖಂಡಿ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ಒಂದು ನಡುಗಡ್ಡೆಯಲ್ಲಿ. ಆಲಮಟ್ಟಿಯಲ್ಲಿ ನೀರು 519.60 ಮೀಟರ್‌ವರೆಗೆ ತುಂಬಿದರೆ ಹಿನ್ನೀರು ನಮ್ಮ ಹೊಲಗಳ ಸುತ್ತ ಬಂದು ನಿಲ್ಲುತ್ತದೆ. ಆಗ ಹಾಲು, ಕಿರಾಣಿ, ಶಾಲೆ ಮಕ್ಕಳು, ಬೈಕು ಎಲ್ಲಾ ಬೋಟ್‌ನಲ್ಲೇ. ಬೇಸಿಗೆ ಹತ್ತಿರ ಬಂದ ಹಾಗೆ ನೀರು ಇಳಿದು ಟ್ರ್ಯಾಕ್ಟರ್ ದಾರಿ ತೆರೆಯುತ್ತದೆ. ಅಪ್ಪ, ಅವ್ವ ಅಲ್ಲೇ ಇದ್ದಾರೆ, ಬಿಟ್ಟು ಬರೋಕೆ ಒಪ್ಪೋದಿಲ್ಲ. ನಾನು ಕೆಲಸಕ್ಕಾಗಿ ಬಾಗಲಕೋಟೆಯ ನವನಗರದಲ್ಲಿ.

ಎಲೆಕ್ಟ್ರಿಕ್ ಕಾರಿನ ವಿಚಾರ ತಲೆಗೆ ಬಂದಿದ್ದೇ ಅಪ್ಪನ ಪೆಟ್ರೋಲ್ ಕ್ಯಾನ್ ನೋಡಿ. ಬೈಕಿಗೆ, ಔಷಧ ಹೊಡೆಯೋ ಪಂಪಿಗೆ ಅಂತ ಐದು ಲೀಟರಿನ ಕ್ಯಾನ್ ಹಿಡಿದು ಬೋಟ್ ಹತ್ತುತ್ತಿದ್ದರು. ಅದೇ ಬೋಟ್‌ನಲ್ಲಿ ಮಕ್ಕಳು ಕೂತಿರುತ್ತಿದ್ದವು, ನನಗೆ ಪ್ರತಿ ಸಲ ಎದೆ ಡವಡವ. ಒಂದು ಸಲ ದಂಡೆಯಲ್ಲಿ ನಿಂತು ನೋಡ್ತಿದ್ದೆ, ನೀರಿನ ಮಧ್ಯೆ ವಿದ್ಯುತ್ ಕಂಬಗಳು ಸಾಲಾಗಿ ನಿಂತಿವೆ. ಪೆಟ್ರೋಲ್‌ನ ನಾವು ಹೊತ್ತು ದಾಟಿಸಬೇಕು, ಕರೆಂಟು ತಂತಿ ಮೇಲೆ ತಾನೇ ದಾಟಿ ಬರುತ್ತದೆ, ಅಲ್ವಾ? ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ.

2023ರ ದಸರಾಕ್ಕೆ ಟಾಟಾದ ಎಲೆಕ್ಟ್ರಿಕ್ ಕಾರು ಟಿಯಾಗೊ ಇವಿ ಬುಕ್ ಮಾಡಿದೆ, 24 ಕಿಲೋವ್ಯಾಟ್ ಅವರ್ ಬ್ಯಾಟರಿ ಇರೋದು. ನವನಗರದಿಂದ ನಮ್ಮ ದಂಡೆಗೆ ಹೆಚ್ಚು ಕಡಿಮೆ 70 ಕಿಲೋಮೀಟರ್. ಹೋಗಿ ಬರೋಕೆ 140. ಚಿಕ್ಕ ಬ್ಯಾಟರಿ ತಗೊಂಡಿದ್ರೆ ಸಾಲುತ್ತಿತ್ತೇನೋ, ಆದರೆ ಬೇಸಿಗೆಯಲ್ಲಿ ಎಸಿ ಹಾಕಿ, ಅವ್ವನ್ನ ಆಸ್ಪತ್ರೆಗೂ ಕರೆದುಕೊಂಡು ಹೋಗಿ, ಆಮೇಲೆ ಪರ್ಸೆಂಟ್ ಎಣಿಸ್ತಾ ಕೂರೋದು ನನಗೆ ಬೇಡವಾಗಿತ್ತು. ಆಗ ನಮ್ಮ ರಾಜ್ಯದಲ್ಲಿ ಎಲೆಕ್ಟ್ರಿಕ್ ಕಾರಿಗೆ ರಸ್ತೆ ತೆರಿಗೆ ಇರಲಿಲ್ಲ, ಜಿಎಸ್‌ಟಿ ಕೂಡ 5 ಪರ್ಸೆಂಟ್ ಅಷ್ಟೇ. ಇದರಿಂದ ದೊಡ್ಡ ಬ್ಯಾಟರಿಯ ಹೆಚ್ಚಿನ ದುಡ್ಡು ಅಷ್ಟು ಭಾರ ಅನ್ನಿಸಲಿಲ್ಲ.

ಡೆಲಿವರಿ ದಿನದ ಕತೆ ಸ್ವಲ್ಪ ಹೇಳಲೇಬೇಕು. ಆಯುಧಪೂಜೆ ದಿನ ಬೆಳಿಗ್ಗೆ ಹೋದೆವು. ಕಾರಿಗೆ ಹೂವಿನ ಹಾರ ಹಾಕಿ, ಕೆಂಪು ಬಟ್ಟೆ ಹೊದಿಸಿ ನಿಲ್ಲಿಸಿದ್ದರು. ನಾನು ಬಟ್ಟೆ ತೆಗೆಸಿ ಮೊದಲು ಡಿಕ್ಕಿ ತೆಗೆದು ನೋಡಿದೆ. ಚಾರ್ಜರ್ ಇರಲಿಲ್ಲ! ಎರಡು ದಿನದಲ್ಲಿ ಕಳಿಸ್ತೀವಿ, ಈಗ ಪೂಜೆ ಮಾಡಿ ತಗೊಂಡು ಹೋಗಿ ಅಂದರು. ಪೆಟ್ರೋಲ್ ಗಾಡಿ ಆಗಿದ್ರೆ ಒಂದು ಮ್ಯಾಟ್ ಕಮ್ಮಿ ಇದ್ರೂ ತಗೊಂಡು ಬರ್ತಿದ್ದೆ. ಇದು ಹಾಗಲ್ಲ. ಚಾರ್ಜರ್ ಇಲ್ಲದ ಕಾರು ಅಂದ್ರೆ ಬಾಯಿಲ್ಲದ ಎತ್ತು, ಮೇಯೋದು ಹೇಗೆ? ಪೂಜೆ ಮಾಡಿಸಿ ಕಾರನ್ನ ಅಲ್ಲೇ ಬಿಟ್ಟು ಬಂದೆ. ಮನೆಯವರಿಗೆಲ್ಲ ಬೇಜಾರಾಯ್ತು, ನನಗೂ ಆಯ್ತು. ನಾಲ್ಕು ದಿನ ಬಿಟ್ಟು ಫೋನ್ ಬಂತು. ಹೋಗಿ, ಅಲ್ಲೇ ಪ್ಲಗ್ ಹಾಕಿಸಿ, ಚಾರ್ಜ್ ಆಗೋದನ್ನ ಹತ್ತು ನಿಮಿಷ ನಿಂತು ನೋಡಿ, ಎರಡೂ ಕೀ ಇಸ್ಕೊಂಡು, ಬ್ಯಾಟರಿ ವಾರಂಟಿ ಕಾಗದದಲ್ಲಿ 8 ವರ್ಷ ಅಥವಾ 1,60,000 ಕಿಲೋಮೀಟರ್ ಅಂತ ಬರೆದದ್ದನ್ನ ಓದಿ, ಆಮೇಲೇ ಸಹಿ ಮಾಡಿದೆ. ನೀವು ತಗೊಳ್ಳೋದಾದ್ರೂ ಹೀಗೇ ಮಾಡಿ. ಹಾರ, ಸಿಹಿ, ಫೋಟೋ ಆಮೇಲೆ.

ಮನೆಗೆ ತಂದು ಪ್ಲಗ್ ಹಾಕಿದರೆ ಕೆಂಪು ದೀಪ. ಶೋರೂಮಿನಲ್ಲಿ ಹತ್ತಿದ ಹಸಿರು ಇಲ್ಲಿ ಯಾಕೆ ಹತ್ತಲ್ಲ ಅಂತ ನನ್ನ ಕೈಕಾಲು ತಣ್ಣಗಾದವು. ಪರಿಚಯದ ಎಲೆಕ್ಟ್ರಿಷಿಯನ್ ಬಂದು ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ಮೀಟರ್ ಹಿಡಿದರು, ಸೊನ್ನೆ ಹತ್ತಿರ ಇರಬೇಕಾದದ್ದು 14 ವೋಲ್ಟ್ ತೋರಿಸಿತು. ತಪ್ಪು ಗಾಡಿಯದ್ದಲ್ಲ, ನಮ್ಮ ಮನೆಯದ್ದು. ನಮ್ಮದು ಗಟ್ಟಿ ಗರಸಿನ ನೆಲ, ಮನೆ ಕಟ್ಟುವಾಗ ಹಾಕಿದ ಅರ್ಥಿಂಗ್ ಒಣಗಿ ಹೋಗಿತ್ತು. ಹೊಸ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ, ನಾಲ್ಕು ಕೊಡ ನೀರು ಹಾಕಿದೆವು. ಮೀಟರಿನಿಂದ ನೇರವಾಗಿ 4 ಎಂಎಂ ವೈರ್ ಎಳೆದು ಅದಕ್ಕೇ ಬೇರೆ ಎಂಸಿಬಿ, 15 ಆಂಪಿಯರ್ ಸಾಕೆಟ್ ಕೂರಿಸಿದರು. ಮರುದಿನ ನೋಡಿದ್ರೆ ಹಸಿರು. ಗೀಸರ್ ಸಾಕೆಟ್‌ಗೆ ಚಾರ್ಜರ್ ಹಾಕಿ ನಡೆಸ್ತೀವಿ ಅನ್ನೋರಿಗೆ ನಾನು ಬೇಡ ಅಂತಲೇ ಹೇಳ್ತೀನಿ. ಗೀಸರ್ ಹದಿನೈದು ನಿಮಿಷಕ್ಕೆ ಆಫ್ ಆಗುತ್ತೆ, ಇದು ರಾತ್ರಿಯಿಡೀ ಎಂಟೊಂಬತ್ತು ತಾಸು ಎಳೆಯುತ್ತೆ.

ಬಿಲ್ ವಿಷಯ ಎಲ್ಲರೂ ಕೇಳ್ತಾರೆ. ನಮ್ಮ ಮನೆಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿತ್ತು. ಕಾರು ಬಂದ ಮೇಲೆ 200 ಯೂನಿಟ್ ದಾಟಿತು, ಪೂರ್ತಿ ಬಿಲ್ ಕಟ್ಟಬೇಕಾಯ್ತು. ಆಗ ಹೆಸ್ಕಾಂ ದರ ಯೂನಿಟ್‌ಗೆ 7 ರೂಪಾಯಿ. ಮನೆ, ಕಾರು ಎರಡೂ ಸೇರಿ ತಿಂಗಳಿಗೆ ಎರಡು ಸಾವಿರದ ಒಳಗೇ. ಹಳೇ ಕಾರಿಗೆ ಸಾವಿರ ಕಿಲೋಮೀಟರಿಗೆ ಪೆಟ್ರೋಲೇ ಆರು ಸಾವಿರ ದಾಟುತ್ತಿತ್ತು. ಕಂಪನಿ ಆಗ ಹೇಳಿದ್ದ 315 ಕಿಲೋಮೀಟರ್ ನನಗೆ ಯಾವತ್ತೂ ಸಿಕ್ಕಿಲ್ಲ, ಫುಲ್ ಚಾರ್ಜಿಗೆ 210ರ ಆಸುಪಾಸು. ಅಷ್ಟು ಗೊತ್ತಿದ್ರೆ ಸಾಕು, ತೊಂದರೆ ಇಲ್ಲ.

ಮೊದಲ ಸಲ ದಂಡೆಗೆ ಹೋದಾಗ ನೀರು ಇನ್ನೂ ತುಂಬಿತ್ತು. ಗದ್ದನಕೇರಿ ಕ್ರಾಸ್ ದಾಟಿ, ಅನಗವಾಡಿ ಸೇತುವೆ ಮೇಲೆ ಘಟಪ್ರಭೆ ನೋಡ್ತಾ, ಬೀಳಗಿ ಮೇಲೆ ಹಾದು ಹೋದೆ. ಅಪ್ಪ ಬೋಟ್‌ನಲ್ಲಿ ಈ ಕಡೆ ಬಂದರು. ಕೈಯಲ್ಲಿ ಬನ್ನಿ ಎಲೆ, ದಸರಾದಿಂದ ನನಗೆ ಅಂತ ತೆಗೆದಿಟ್ಟಿದ್ದು, ಒಣಗಿ ಹೋಗಿತ್ತು. "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂತ ನನ್ನ ಕೈಗೆ ಕೊಟ್ಟು, ಇನ್ನೊಂದೆರಡು ಎಲೆಯನ್ನ ಗಾಡಿಯ ಮುಂದಿನ ಗಾಜಿಗೆ ಸಿಕ್ಕಿಸಿದರು. ಆಮೇಲೆ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದರು.

"ತಮ್ಮಾ, ಚಾಲೂ ಐತೇನಿದು? ಸಪ್ಪಳನ ಇಲ್ಲಲ್ಲೋ."

"ಚಾಲೂನ ಐತಿ ಅಪ್ಪಾ, ನೀ ಕೂಡು."

"ಎಷ್ಟ್ ಎಚ್‌ಪಿ ಮೋಟರ?"

"ಎಪ್ಪತ್ನಾಕ್."

ಅಪ್ಪ ಸುಮ್ಮನಾದರು. ನಮ್ಮ ನದಿ ಪಂಪ್‌ಸೆಟ್ ಏಳೂವರೆ ಎಚ್‌ಪಿ, ಅದು ಒಂದು ಮೈಲಿ ದೂರಕ್ಕೆ ನೀರು ಒತ್ತುತ್ತೆ. ಅಂಥ ಹತ್ತು ಮೋಟರು ಈ ಪುಟ್ಟ ಗಾಡಿಯೊಳಗೆ ಅಂತ ಅವರ ಮನಸ್ಸಿನಲ್ಲೇ ಲೆಕ್ಕ ನಡೀತಿತ್ತು. ಏರು ದಾರಿಯಲ್ಲಿ ಸ್ಪೋರ್ಟ್ ಮೋಡ್ ಹಾಕಿ ಒತ್ತಿದಾಗ ಸೀಟಿಗೆ ಒರಗಿ "ಹಾಂ, ಹಾಂ, ಎಪ್ಪತ್ನಾಕ್ ಖರೆ" ಅಂದರು.

ಗಾಡಿ ನಡುಗಡ್ಡೆಗೆ ದಾಟಿದ್ದು ಫೆಬ್ರವರಿಯಲ್ಲಿ. ನೀರು ಇಳಿದಿತ್ತು, ಆದರೆ ತಗ್ಗಿನಲ್ಲಿ ಎರೆ ಮಣ್ಣು ಇನ್ನೂ ಹಸಿ. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಆಳದ ಗಾಲಿ ಜಾಡು, ನಡುವೆ ದಿಬ್ಬ. ಬ್ಯಾಟರಿ ಇರೋದು ಗಾಡಿಯ ಹೊಟ್ಟೆ ಕೆಳಗೆ, ನನಗೆ ಅದರದ್ದೇ ಚಿಂತೆ. ನೀರು ಒಳಗೆ ಹೋಗದ ಹಾಗೆ ಕಟ್ಟಿರ್ತಾರೆ, ಐಪಿ67 ಅಂತಾರೆ, ಆದರೆ ಅದು ಹೊಳೆ ದಾಟೋಕೆ ಕೊಟ್ಟ ಪರ್ಮಿಶನ್ ಅಲ್ಲ, ಕಲ್ಲು ಬಡಿದರೆ ಅದೇನೂ ಮಾಡೋದಿಲ್ಲ. ಅಪ್ಪ ಮತ್ತು ಪಕ್ಕದ ಹೊಲದವರು ಸೇರಿ ಜಾಡಿಗೆ ಕಬ್ಬಿನ ರವದಿ, ಅಂದ್ರೆ ಒಣ ಎಲೆ, ಹಾಸಿ, ಟ್ರ್ಯಾಕ್ಟರ್‌ನಿಂದ ಎರಡು ಸಲ ತುಳಿಸಿದರು. ನಾನು ಒಂದೇ ವೇಗದಲ್ಲಿ, ಎಲ್ಲೂ ನಿಲ್ಲಿಸದೆ ಬಂದೆ. ದಾರಿಯಲ್ಲಿ ನೀರಿನ ಅಂಚಿಗೆ ಪಟ್ಟೆತಲೆ ಹೆಬ್ಬಾತುಗಳ ಹಿಂಡು ಮೇಯುತ್ತಿತ್ತು. ಬೈಕ್ ಬಂದ್ರೆ ಎದ್ದು ಹಾರಿಬಿಡ್ತಾವೆ. ಈ ಗಾಡಿ ಹಾದು ಹೋದಾಗ ಕತ್ತು ಎತ್ತಿ ನೋಡಿ, ಮತ್ತೆ ಮೇಯೋಕೆ ಶುರು ಮಾಡಿದವು. ನಾನು ಹುಟ್ಟಿ ಬೆಳೆದ ನೆಲದಲ್ಲಿ ಅವುಗಳನ್ನ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ತೋಟದ ಮನೆಯಲ್ಲಿ ಚಾರ್ಜಿಂಗ್ ಹೇಗೋ ಏನೋ ಅಂದುಕೊಂಡಿದ್ದೆ. ಅರ್ಥಿಂಗ್ ಅಲ್ಲಿ ಚೊಕ್ಕ, ಹಸಿ ಎರೆಯಲ್ಲಿ ರಾಡ್ ಇಳಿಸಿದ ಕೂಡಲೇ ಒಂದೇ ವೋಲ್ಟ್. ಆದರೆ ಪಂಪ್‌ಸೆಟ್‌ಗಳು ಓಡುವಾಗ ವೋಲ್ಟೇಜ್ 180ಕ್ಕೆ ಬಿದ್ದು ಚಾರ್ಜರ್ ನಿಂತು ನಿಂತು ಹೋಗುತ್ತಿತ್ತು. ಮೋಟರಿಗೆ ತ್ರೀ ಫೇಸ್ ಸಿಗೋ ಏಳು ತಾಸು ಬಿಟ್ಟು, ಉಳಿದ ಹೊತ್ತಿನಲ್ಲಿ ಹಾಕಿದರೆ ಸರಿ ಹೋಯ್ತು. ಅಪ್ಪನೇ ಎದ್ದು ಪ್ಲಗ್ ಹಾಕ್ತಾರೆ, ಬೆಳಿಗ್ಗೆ ತೆಗೆದು ಕೇಬಲ್‌ನ ಮೋಟರ್ ಕೇಬಲ್ ಸುತ್ತೋ ಹಾಗೆ ಮೊಣಕೈಗೆ ಸುತ್ತಿ ಬೇವಿನ ಮರದ ಗೂಟಕ್ಕೆ ನೇತು ಹಾಕ್ತಾರೆ.

ಆ ನಾಲ್ಕೈದು ತಿಂಗಳು ಪ್ರತಿ ಶನಿವಾರ ಹೋದೆ. ಅವ್ವ ಸಂತೆಗೆ, ಗುಡಿಗೆ, ತವರಿಗೆ, ಎಲ್ಲಾ ಕಡೆ ಎಸಿ ಗಾಳಿಗೆ ಸೆರಗು ಹೊದ್ದುಕೊಂಡು ಓಡಾಡಿದಳು. ಮಳೆಗಾಲಕ್ಕೆ ಮಾತ್ರ ಗಾಡಿ ಅಲ್ಲಿ ಬಿಡೋ ಹಾಗಿಲ್ಲ. 2019ರ ಪ್ರವಾಹದಲ್ಲಿ ಕರೆಂಟು ಎಷ್ಟೋ ದಿನ ಇರಲಿಲ್ಲ, ಅದು ನೆನಪಿದೆ.

ಜುಲೈನಲ್ಲಿ ಒಂದು ಸಂಜೆ ನಾನು ಅಲ್ಲೇ ಇದ್ದೆ. ಅಪ್ಪ ದಂಡೆಗೆ ನೆಟ್ಟ ಗೂಟ ನೋಡಿ ಬಂದು "ನೀರು ಏರಾಕತ್ತೈತಿ ತಮ್ಮಾ, ಈಗ ದಾಟಿಸಿಬಿಡು" ಅಂದರು. ಚಾರ್ಜ್ 61 ಪರ್ಸೆಂಟ್ ಇತ್ತು, ನವನಗರಕ್ಕೆ ಧಾರಾಳ. ಕೇಬಲ್ ಸುತ್ತಿ ಡಿಕ್ಕಿಗೆ ಹಾಕಿದರು. ತಗ್ಗಿನಲ್ಲಿ ಆಗಲೇ ಪಾದ ಮುಳುಗುವಷ್ಟು ನೀರು, ಅಪ್ಪ ಬರಿಗಾಲಲ್ಲಿ ಮುಂದೆ ನಡೆದು ಗಟ್ಟಿ ನೆಲ ತೋರಿಸಿದರು, ನಾನು ಅವರ ಹಿಂದೆ ಮೆಲ್ಲಗೆ ಬಂದೆ. ಈಚೆ ದಂಡೆ ಹತ್ತಿ ಕನ್ನಡಿಯಲ್ಲಿ ನೋಡಿದರೆ ಅವರು ವಾಪಸ್ ಹೊರಟಿದ್ದರು, ಕೈಯಲ್ಲಿನ ಬ್ಯಾಟರಿ ಬೆಳಕು ಕಬ್ಬಿನ ಸಾಲಿನೊಳಗೆ ಸೇರೋವರೆಗೂ ಕಾಣ್ತಿತ್ತು.