ಸೈಕಲ್ ವಾಲ್ವಿನಿಂದ ಜೀನ್ಸ್ ಸೂಜಿಯವರೆಗೆ: ಸಿಎಸ್‌ಎಫ್ ಮಾಡೆಲ್ ಮಾಡಿದ ನನ್ನ ಅನುಭವ

ಅಂತೂ ಈ ಸಲ ಮಾಡೆಲ್ ಸೋರಲಿಲ್ಲ.

ಬಳ್ಳಾರಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಹನ್ನೊಂದು ವರ್ಷದಿಂದ ಅನಾಟಮಿ ಹೇಳುತ್ತಿದ್ದೇನೆ. ಸಿಎಸ್‌ಎಫ್ (ಮೆದುಳು, ಬೆನ್ನುಹುರಿಯ ಒಳಗೂ ಸುತ್ತಲೂ ಹರಿಯುವ ನೀರಿನಂಥ ದ್ರವ) ಪಾಠ ಬಂದಾಗಲೆಲ್ಲ ಚಾರ್ಟಿನ ಬಾಣಗಳೇ ಗತಿ. ನೀರು ಹರಿಯುವ ಮಾಡೆಲ್ ಮಾಡುತ್ತೇನೆ ಅಂದಾಗ ನಮ್ಮ ಹಿರಿಯ ಮೇಡಂ, "ಪರೀಕ್ಷೆಗೆ ಚಿತ್ರ ಬರೆಸಿದರೆ ಸಾಕಲ್ರೀ, ಇದೆಲ್ಲಾ ಯಾಕ್ರೀ?" ಅಂದರು.

ಮೊದಲು ಬಲೂನು, ಫೀಡಿಂಗ್ ಟ್ಯೂಬ್, ಎಂಸೀಲ್. ರಾತ್ರಿಯೆಲ್ಲಾ ಸೋರಿ ಮೇಜಿನ ತುಂಬಾ ನೀಲಿ ಇಂಕು. ಆರುನೂರು ರೂಪಾಯಿ ಹೋಯಿತು. ಆಮೇಲೆ ಅಕ್ರಿಲಿಕ್ ಹಾಳೆ ಕತ್ತರಿಸಿ ಅಂಟಿಸಿದೆ. ಸಾವಿರದ ಇನ್ನೂರು ಖರ್ಚು. ನೋಡೋಕೆ ಚೆನ್ನಾಗಿತ್ತು, ಆದರೆ ಗೋಡೆ ಗಟ್ಟಿ. ಉಬ್ಬದಿದ್ದರೆ ಹೈಡ್ರೋಕೆಫಲಸ್, ಅಂದರೆ ದಾರಿ ಕಟ್ಟಿ ತಲೆಯಲ್ಲಿ ನೀರು ತುಂಬೋದನ್ನು, ತೋರಿಸೋದು ಹೇಗೆ?

ಮೂರನೇ ಸಲ ಮೇಣ ಹಿಡಿದೆ. ಮೆದುಳಿನೊಳಗೆ ಈ ದ್ರವ ಇರುವ ನಾಲ್ಕು ಕೋಣೆಗಳೇ ವೆಂಟ್ರಿಕಲ್. ಮೇಲಿನ ಲ್ಯಾಟರಲ್ ವೆಂಟ್ರಿಕಲ್ ಎರಡನ್ನೂ ಟಗರಿನ ಕೊಂಬಿನ ಹಾಗೆ ಕೆತ್ತಿ, ಕೆಳಗೆ ಮೂರನೆಯದು, ನಾಲ್ಕನೆಯದು. ಮೇಲೆ ಬ್ರಷ್‌ನಲ್ಲಿ ಸಿಲಿಕೋನ್ ತೆಳ್ಳಗೆ ಮೂರು ಕೋಟ್. ಒಣಗಿದ ಮೇಲೆ ಬಿಸಿನೀರಲ್ಲಿ ಅದ್ದಿ ಮೇಣ ಕರಗಿಸಿ ತೆಗೆಯೋದು. ನಮ್ಮೂರ ಏಪ್ರಿಲ್ ಗೊತ್ತಲ್ವಾ? ಕೋಟ್ ಹಾಕುವ ಮೊದಲೇ ಕೊಂಬು ಬಾಗಿ ಕೂತವು. ಕೊನೆಗೆ ಬೆಳಗಿನ ಜಾವ ಐದಕ್ಕೆ ಎದ್ದು ಹಚ್ಚಿದೆ. ಸಿಲಿಕೋನ್ ತೆಳುವಾಗೋಕೆ ಏನು ಬೆರೆಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದ್ರವ ತಯಾರಾಗೋದನ್ನು ತೋರಿಸೋಕೆ ಮೈಕ್ರೋ ಡ್ರಿಪ್ ಸೆಟ್ (ಸಣ್ಣ ಹನಿಯ ಡ್ರಿಪ್). ಅರವತ್ತು ಹನಿಗೆ ಒಂದು ಎಂಎಲ್. ನಿಮಿಷಕ್ಕೆ 20 ಹನಿ ಬಿಟ್ಟರೆ ಗಂಟೆಗೆ 20 ಎಂಎಲ್, ದಿನಕ್ಕೆ ಹತ್ತಿರ ಹತ್ತಿರ 500. ನಮ್ಮ ತಲೆಯೊಳಗೆ ತಯಾರಾಗೋದೂ ಇಷ್ಟೇ. ಒಳಗೆ ಇರೋದು ಮಾತ್ರ 150 ಎಂಎಲ್ ಆಸುಪಾಸು, ಅಂದರೆ ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ ಬದಲಾಗುತ್ತದೆ. ಅದನ್ನು ತಯಾರಿಸುವ ಕೋರಾಯ್ಡ್ ಪ್ಲೆಕ್ಸಸ್ ಕೆಳಗಿನ ಎರಡು ವೆಂಟ್ರಿಕಲ್‌ನಲ್ಲೂ ಇದೆ, ನಿಜ. ಹೆಚ್ಚು ತಯಾರಾಗೋದು ಮೇಲೇ ಆದ್ದರಿಂದ ಕೊಂಬುಗಳಿಗೆ ಮಾತ್ರ ಡ್ರಿಪ್ ಕೊಟ್ಟೆ.

ಸತಾಯಿಸಿದ್ದು ಹೊರದಾರಿ. ನಾಲ್ಕನೆಯದರ ಲುಷ್ಕಾ ಎಂಬ ಎರಡು, ಮೆಜೆಂಡಿ ಎಂಬ ಒಂದು ತೂತಿನಿಂದ ನೀರು ಹೊರಗಿನ ಡಬ್ಬಿಗೆ, ಅಂದರೆ ಮೆದುಳಿನ ಸುತ್ತಲ ಜಾಗಕ್ಕೆ ಬಂತು. ಅಲ್ಲಿಂದ ಸೈನಸ್‌ಗೆ, ಅಂದರೆ ಮೆದುಳಿನ ರಕ್ತ ವಾಪಸ್ ಒಯ್ಯುವ ನಾಳಕ್ಕೆ, ಇಲ್ಲಿ ಕೆಂಪು ನೀರಿನ ಟ್ಯೂಬಿಗೆ ಹೋಗಬೇಕು, ವಾಪಸ್ ಬರಬಾರದು. ತಲೆಯೊಳಗೆ ಈ ಕೆಲಸ ಮಾಡುವ ಅರಾಕ್ನಾಯ್ಡ್ ಗ್ರಾನ್ಯುಲೇಷನ್ ಬದಲಿಗೆ ಕೌಲ್ ಬಜಾರಿನಿಂದ ಸೈಕಲ್ ವಾಲ್ವ್ ಟ್ಯೂಬ್ ತಂದೆ. ಪಂಪಿನ ಒತ್ತಡಕ್ಕೆ ತೆರೆಯುವ ಅದು ನಮ್ಮ ಹತ್ತು ಹದಿನೈದು ಸೆಂಟಿಮೀಟರ್ ನೀರಿನ ಒತ್ತಡಕ್ಕೆ ಅಲುಗಾಡಲೂ ಇಲ್ಲ. ಎರಡು ವಾರ ಹಾಳು. ಆಗ ಜಾನ್ ಹೋಲ್ಟರ್ ನೆನಪಾದ. 1956ರಲ್ಲಿ ಮಗನ ತಲೆಯ ನೀರಿಗಾಗಿ ಸೀಳು ವಾಲ್ವ್ ಮಾಡಿದ ಮೆಕ್ಯಾನಿಕ್ ಅವನು. ಗ್ಲೌಸ್ ಬೆರಳಿಗೆ ಜೀನ್ಸ್ ಹೊಲಿಯುವ ಮೆಷಿನ್ ಸೂಜಿಯಿಂದ ಸೀಳು ಹಾಕಿದೆ. ಸೂಜಿ ನಂಬರ್, ಕೋನ ಹೇಳುವುದಿಲ್ಲ, ಆರು ಗ್ಲೌಸ್ ಹಾಳು ಮಾಡಿ ಕಲಿತದ್ದು.

ನಡುವೆ, ಮೆದುಳು ಈ ದ್ರವದಲ್ಲಿ ತೇಲುವುದನ್ನು ತೋರಿಸೋಕೆ ಇನ್ನೊಂದು ಪ್ರಯೋಗ ಮಾಡಿದೆ. ಮಟನ್ ಅಂಗಡಿಯಿಂದ ಕುರಿ ಭೇಜಾ ತಂದು ತಟ್ಟೆಯಲ್ಲಿಟ್ಟರೆ ತನ್ನ ಭಾರಕ್ಕೆ ತಾನೇ ಕುಸಿದು ಅಗಲವಾಯಿತು. ಟೀ ಸೋಸುವ ಜಾಲರಿಯಲ್ಲಿಟ್ಟು ತೂಗು ತಕ್ಕಡಿಗೆ ಕಟ್ಟಿ ಸಲೈನಿನಲ್ಲಿ ಇಳಿಬಿಟ್ಟೆ. ನೂರು ಗ್ರಾಂ ಚಿಲ್ಲರೆ ಇದ್ದದ್ದು ಜಾಲರಿ ತೂಕ ಕಳೆದು ನಾಲ್ಕೈದು ಗ್ರಾಂ ತೋರಿಸಿತು! ಮಡಿಕೆಗಳೆಲ್ಲ ಬಿಚ್ಚಿಕೊಂಡು ದುಂಡಗಾದವು. ನಮ್ಮ 1,400 ಗ್ರಾಂ ಮೆದುಳೂ ಸಿಎಸ್‌ಎಫ್‌ನಲ್ಲಿ ಸುಮಾರು 50 ಗ್ರಾಂ ಮಾತ್ರ.

ಕ್ಲಾಸಿನ ದಿನ ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವಿನ ಕಿರುದಾರಿ ಅಕ್ವಿಡಕ್ಟಿನ ತ್ರೀವೇ (ತಿರುಗಿಸುವ ನಲ್ಲಿ) ಮುಚ್ಚಿ ಡ್ರಿಪ್ ಪೂರ್ತಿ ಬಿಟ್ಟೆ. ಕೊಂಬುಗಳು ಉಬ್ಬಿದವು, ಮೂರನೆಯದೂ ಉಬ್ಬಿತು. ಹಿಂದಿನ ಬೆಂಚಿನ ಹುಡುಗಿ, "ಮೇಡಂ, ನಾಲ್ಕನೇದು ಹಂಗೇ ಐತ್ರೀ!" ಅಂದಳು. ಹಿರಿಯ ಮೇಡಂ ಬಾಗಿಲಲ್ಲಿ ನಿಂತಿದ್ದವರು ಒಳಗೆ ಬಂದು ತ್ರೀವೇಯನ್ನು ತಾವೇ ಎರಡು ಸಲ ತಿರುಗಿಸಿ ನೋಡಿದರು.

ಒಟ್ಟು ಮೂರೂವರೆ ಸಾವಿರ ಆಗಿರಬಹುದು. ಮುಂದಿನ ವಾರ ಅವರ ಕ್ಲಾಸಿಗೆ ಬೇಕಂತೆ. ಅಷ್ಟರಲ್ಲಿ ಕೆಳಗೆ ಬೆನ್ನಿನ ಟ್ಯೂಬ್ ಇಳಿಸಿ, ಸೊಂಟದ ಬೆನ್ನೆಲುಬಿನ ಮಣಿ ಎಲ್ 3, ಎಲ್ 4 ನಡುವೆ ಸೂಜಿ ಚುಚ್ಚಿ ಪ್ರೆಷರ್ ನೋಡುವ ಹಾಗೆ ಮಾಡಬೇಕು. ರಬ್ಬರ್ ತಂದಿಟ್ಟಿದ್ದೇನೆ.