ಟೀಚರಾಗಿದ್ದ ಅಜ್ಜಿಯ ನೆನಪಿಗೆ ಒಂದು ಪುಸ್ತಕ ಮಾಡುವುದು ಹೇಗೆ

ಅಜ್ಜಿ ತೀರಿಕೊಂಡ ಮೇಲೆ ಮನೆಯಲ್ಲಿ ಯಾರಾದರೂ ಒಬ್ಬರು ‘ಅವರ ಬಗ್ಗೆ ಒಂದು ಪುಸ್ತಕ ಮಾಡಬೇಕು’ ಅನ್ನುತ್ತಾರೆ. ಹಾಗಂದವರ ತಲೆಗೇ ಆ ಕೆಲಸ ಬರುತ್ತದೆ. ಆ ಒಬ್ಬರು ನೀವೇ, ಅಜ್ಜಿ ನಮ್ಮ ಕೊಡಗಿನ ಶಾಲೆಯಲ್ಲಿ ಟೀಚರ್ ಆಗಿದ್ದವರು ಅಂದುಕೊಂಡು ಬರೆಯುತ್ತಿದ್ದೇನೆ.

ಮೊದಲು ಮನೆಯವರ ಹತ್ತಿರ ಹೋಗಬೇಡಿ. ಅವರು ‘ನಮಗಾಗಿ ಜೀವ ತೇಯ್ದರು, ದೇವರಂಥವರು’ ಅನ್ನುತ್ತಾರೆ. ಸುಳ್ಳಲ್ಲ, ಆದರೆ ಈ ಮಾತು ಯಾರ ಅಜ್ಜಿಗೂ ಹೊಂದುತ್ತದೆ, ಅಲ್ವಾ? ಅವರ ಹತ್ತಿರ ಕಲಿತವರನ್ನು ಹುಡುಕಿ. ‘ಟೀಚರ್ ಬಗ್ಗೆ ಏನಾದರೂ ಹೇಳಿ’ ಅಂತ ಕೇಳಿದರೆ ಅವರೂ ಭಾಷಣವನ್ನೇ ಮಾಡುತ್ತಾರೆ. ಸಣ್ಣ ಸಣ್ಣದನ್ನು ಕೇಳಿ. ಮಳೆಯಲ್ಲಿ ನೆನೆದು ಬಂದ ಮಕ್ಕಳನ್ನು ಎಲ್ಲಿ ಕೂರಿಸುತ್ತಿದ್ದರು? ಕಾಫಿ ಕೊಯ್ಲಿನ ಸಮಯದಲ್ಲಿ ಲೈನ್ ಮನೆಯ (ತೋಟದ ಕೆಲಸದವರ ಸಾಲು ಮನೆಯ) ಮಕ್ಕಳು ಶಾಲೆಗೆ ಬರದಿದ್ದರೆ ಏನು ಮಾಡುತ್ತಿದ್ದರು? ಒಂದನೇ ಕ್ಲಾಸಿನಲ್ಲಿ ಒಬ್ಬನ ಮನೆಮಾತು ಕೊಡವ ತಕ್ಕ್, ಇನ್ನೊಬ್ಬನದು ಮಲಯಾಳ, ಮತ್ತೊಬ್ಬಳದು ಎರವ ಭಾಷೆ ಆಗಿದ್ದರೆ ಅವರಿಗೆಲ್ಲ ಒಟ್ಟಿಗೆ ‘ಅ ಆ ಇ ಈ’ ಹೇಗೆ ಕಲಿಸಿದರು? ಎಷ್ಟು ಹೊಡೆಯುತ್ತಿದ್ದರು ಅನ್ನುವುದನ್ನೂ ಕೇಳಿ. ಬರೆಯಿರಿ ಕೂಡ. ಸಿಟ್ಟೇ ಇಲ್ಲದ ಟೀಚರನ್ನು ಯಾರೂ ನಂಬುವುದಿಲ್ಲ.

ಹಳೆಯ ಮಕ್ಕಳ ಹೆಸರು ಗೊತ್ತಿಲ್ಲದಿದ್ದರೆ ಶಾಲೆಗೆ ಹೋಗಿ ಹೆಡ್‌ಮಾಸ್ಟರ ಹತ್ತಿರ ದಾಖಲಾತಿ ರಿಜಿಸ್ಟರ್ ನೋಡಬಹುದಾ ಅಂತ ಕೇಳಿ. ಮಕ್ಕಳಿಲ್ಲದೆ ಶಾಲೆ ಮುಚ್ಚಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ.

ಅಜ್ಜಿ ಸರ್ಕಾರಿ ಶಾಲೆಯಲ್ಲಿದ್ದರೆ ನಿಮಗೆ ಸಿಗಬಹುದಾದ ದೊಡ್ಡ ಆಸ್ತಿ ಅವರ ಸೇವಾ ಪುಸ್ತಕ. ಕೆಲವರು ಅದರ ನಕಲನ್ನು ಮನೆಯಲ್ಲೇ ಇಟ್ಟುಕೊಂಡಿರುತ್ತಾರೆ, ಪೆನ್ಷನ್ ಕಾಗದಗಳ ಕಟ್ಟಿನಲ್ಲಿ ಹುಡುಕಿ. ಕೆಲಸಕ್ಕೆ ಸೇರಿದ ದಿನ, ವರ್ಗಾವಣೆ, ರಜೆ ಎಲ್ಲ ಅದರಲ್ಲಿರುತ್ತದೆ. ಒಂದು ಹಾಳೆಯ ಎಡಗಡೆ ಈ ತಾರೀಕುಗಳನ್ನು ಬರೆಯಿರಿ, ಬಲಗಡೆ ಮನೆಯ ತಾರೀಕುಗಳನ್ನು: ಮದುವೆ, ಮಕ್ಕಳು ಹುಟ್ಟಿದ್ದು, ಅತ್ತೆ ಮಾವ ತೀರಿಕೊಂಡದ್ದು, ಮೊಮ್ಮಕ್ಕಳು ಬಂದದ್ದು. ಹೆರಿಗೆ ರಜೆ ಮುಗಿದು ಸ್ವಲ್ಪ ದಿನಕ್ಕೇ ದೂರದ ಊರಿಗೆ ವರ್ಗ ಆಗಿದ್ದರೆ ಆ ಮಗುವನ್ನು ಯಾರು ನೋಡಿಕೊಂಡರು, ಬಸ್ಸಿಲ್ಲದ ಮಳೆಗಾಲದಲ್ಲಿ ಅವರು ಹೇಗೆ ಹೋಗಿ ಬಂದರು ಅನ್ನುವ ಪ್ರಶ್ನೆಗಳು ಹಾಳೆ ನೋಡಿದ ಕೂಡಲೇ ಹುಟ್ಟುತ್ತವೆ. ಈಗ ಮನೆಯವರ ಹತ್ತಿರ ಹೋಗಿ. ಈ ಸಲ ಅವರು ಬೇರೆ ಥರ ಮಾತಾಡುತ್ತಾರೆ.

ಹಳೆಯ ಕಾಗದ ಓದುವಾಗ ಸ್ವಲ್ಪ ಎಚ್ಚರ. 1956ರ ನವೆಂಬರ್ 1ರವರೆಗೆ ಕೊಡಗು ಬೇರೆಯೇ ರಾಜ್ಯ, ಹಾಗಾಗಿ ಸೀಲಿನಲ್ಲಿ ‘ಕೂರ್ಗ್’ ಅಂತ ಇರಬಹುದು. ಮರ್ಕೆರಾ ಅಂದರೆ ಮಡಿಕೇರಿ, ಫ್ರೇಜರ್‌ಪೇಟೆ ಅಂದರೆ ಕುಶಾಲನಗರ. ಮದುವೆಗೆ ಮುಂಚಿನ ಸರ್ಟಿಫಿಕೇಟಿನಲ್ಲಿ ತವರಿನ ಮನೆ ಹೆಸರು ಇರುತ್ತದೆ, ಅದೂ ಪುಸ್ತಕದಲ್ಲಿ ಬರಲಿ. ಹುಟ್ಟಿದ ತಾರೀಕನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದಿರಬಹುದು. ‘ಪುತ್ತರಿ ಹಬ್ಬ ಆದ ಮುಂದಿನ ವಾರ ಹುಟ್ಟಿದ್ದು’ ಅಂತ ಹಿರಿಯರು ಹೇಳಿದರೆ ಎರಡನ್ನೂ ಹಾಕಿ.

ಮಾತಾಡಿಸುವುದಕ್ಕೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗಬೇಡಿ. ಕಾಫಿ ಕೊಯ್ಲು, ಯಾರಿಗೂ ಪುರುಸೊತ್ತಿಲ್ಲ. ಮಳೆಗಾಲದಲ್ಲೇ ಬರುವ ಕೈಲ್‌ಪೊಳ್ದ್ ಹಬ್ಬಕ್ಕೆ ಬೆಂಗಳೂರಿನವರೂ ಊರಿಗೆ ಬರುತ್ತಾರೆ, ಆಗ ಹಿಡಿಯಿರಿ. ಆದರೆ ಶೀಟಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಿದರೆ ಮಳೆಯೊಂದೇ ಕೇಳುತ್ತದೆ. ಒಳಗಿನ ಕೋಣೆಯಲ್ಲಿ ಕೂತು ಫೋನನ್ನು ಅವರ ಹತ್ತಿರವೇ ಇಡಿ. ಅವರು ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಹೇಳಿದರೆ ಹಾಗೇ ಹೇಳಲಿ, ಕನ್ನಡ ಮಾಡುವ ಕೆಲಸ ಆಮೇಲೆ.

ಫೋಟೋ ವಿಷಯಕ್ಕೆ ತಡ ಮಾಡಬೇಡಿ. ನಮ್ಮ ಥಂಡಿಗೆ ಆಲ್ಬಂ ಬೂಸ್ಟು ಹಿಡಿಯುತ್ತದೆ, ಫೋಟೋ ಫ್ರೇಮಿನ ಗಾಜಿಗೆ ಅಂಟಿಕೊಳ್ಳುತ್ತದೆ. ಅಂಟಿದ್ದನ್ನು ಕೀಳಬೇಡಿ, ಫ್ಲ್ಯಾಶ್ ಆರಿಸಿ ಗಾಜಿನ ಮೇಲಿನಿಂದಲೇ ಫೋಟೋ ತೆಗೆಯಿರಿ. ಎಲ್ಲದರ ಪ್ರತಿ ಕನಿಷ್ಠ ಎರಡು ಮನೆಯಲ್ಲಿರಲಿ. 2018ರ ಆಗಸ್ಟಿನಲ್ಲಿ ಬೆಟ್ಟ ಜರಿದಾಗ ಮನೆಯ ಜೊತೆ ಕಾಗದ ಪತ್ರಗಳೂ ಹೋದವು.

ಪುಸ್ತಕ ದಪ್ಪ ಆಗುವುದು ಬೇಡ, 32 ಪುಟ ಸಾಕು. ಮಧ್ಯಕ್ಕೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು. ಫೋನಿನಲ್ಲಿ ಟೈಪ್ ಮಾಡಿದ ಯೂನಿಕೋಡ್ ಅಕ್ಷರವನ್ನು ಪ್ರೆಸ್ಸಿನವರು ‘ನುಡಿ’ ಫಾಂಟಿಗೆ ಬದಲಾಯಿಸಿದರೆ ಒತ್ತಕ್ಷರ ಅಲ್ಲಲ್ಲಿ ಕೆಡಬಹುದು. ಹಾಗಾಗಿ ಪ್ರೂಫ್ ನೋಡದೆ ಪ್ರಿಂಟಿಗೆ ಬಿಡಬೇಡಿ. ಮನೆ ಹೆಸರುಗಳನ್ನಂತೂ ಒಂದೊಂದಾಗಿ ನೋಡಿ, ಒಂದು ಅಕ್ಷರ ತಪ್ಪಿದರೂ ಫೋನ್ ಮೇಲೆ ಫೋನ್ ಬರುತ್ತದೆ. ಅಜ್ಜಿಯ ಹತ್ತಿರ ಕಲಿತು ಆಮೇಲೆ ಟೀಚರೇ ಆದವರು ಯಾರಾದರೂ ಇದ್ದರೆ ಪ್ರೂಫ್ ಅವರಿಗೆ ಕೊಡಿ. ಕೆಂಪು ಪೆನ್ನು ಅವರ ಹತ್ತಿರ ಇದ್ದೇ ಇರುತ್ತದೆ.